ಅರ್ವರಿ ಹೊಳೆಯನ್ನ ಮತ್ತೆ ಹರಿಸಿದವರು ಯಾರು?

ಈ ಸಲದ ಬರಹ ಸ್ವಲ್ಪ ಉದ್ದ ಆಗುತ್ತೆ. ಸಂಜೆ ಕೆಲಸ ಮುಗಿದ ಮೇಲೆ ಕೂತು ಓದಿ.

ಹೋದ ಭಾನುವಾರ ನಮ್ಮೂರ ಅರಳೀಕಟ್ಟೆ ಹತ್ರ ಒಂದು ಸಭೆ ಇತ್ತು. ನೀರಿನ ಕೆಲಸ ಮಾಡುವ ಒಂದು ಸಂಸ್ಥೆಯಿಂದ ಇಬ್ಬರು ಹುಡುಗರು, ಒಬ್ಬಳು ಹುಡುಗಿ ಬಂದಿದ್ರು. ಕೆರೆ ಹೂಳು ತೆಗೆಯೋಣ, ಮೇಲಿನ ಹಳ್ಳಕ್ಕೆ ನಾಲ್ಕೈದು ಕಡೆ ಕಲ್ಲಿನ ತಡೆ ಹಾಕೋಣ, ಖರ್ಚಲ್ಲಿ ಒಂದು ಪಾಲು ಊರಿಂದ ಬರಬೇಕು ಅಂದ್ರು. ನಮ್ಮ ದೊಡ್ಡಪ್ಪ ಮೊದಲೇ ಅನುಮಾನದ ಮನುಷ್ಯ. "ಅಲ್ಲಪ್ಪ, ನಮ್ಮ ಕೆರೆ ಹೂಳು ತೆಗೆದ್ರೆ ನಿಮಗೇನು ಸಿಗುತ್ತೆ? ನೀವೆಲ್ಲಾ ಯಾರು? ಹಿಂದೆ ಯಾರಿದ್ದಾರೆ?" ಅಂತ ಕೇಳೇಬಿಟ್ರು. ಜನ ನಕ್ಕರು.

ಆ ಹುಡುಗಿ ನಗಲಿಲ್ಲ. "ಅಜ್ಜಾ, ನಾವು ಯಾರು ಅಂತ ಆಮೇಲೆ ಹೇಳ್ತೀನಿ. ಮೊದಲು ನೀವು ಹೇಳಿ, ಕೆರೆ ತುಂಬಿದ ಮೇಲೆ ಆ ನೀರನ್ನ ನೀವು ಏನು ಮಾಡ್ತೀರ?" ಅಂದ್ಲು.

ಯಾರೂ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ಯಾಕೆ ಅಂತ ಕೊನೆಯಲ್ಲಿ ಹೇಳ್ತೀನಿ. ಈ ಎರಡು ಪ್ರಶ್ನೆಗಳನ್ನೂ, ಅಂದ್ರೆ ದೊಡ್ಡಪ್ಪ ಕೇಳಿದ್ದು ಮತ್ತು ಆ ಹುಡುಗಿ ಕೇಳಿದ್ದು, ನಲವತ್ತು ವರ್ಷದ ಹಿಂದೆ ರಾಜಸ್ಥಾನದ ಹಳ್ಳಿಗಳಲ್ಲಿ ಜನ ಕೇಳಿಕೊಂಡಿದ್ರು. ಅವರು ಕೊಟ್ಟುಕೊಂಡ ಉತ್ತರದಿಂದ ಒಂದು ಹೊಳೆ ಹರಿಯಿತು. ವಾರವಿಡೀ ಅದರ ಬಗ್ಗೆ ಓದಿದ್ದು, ಹಿಂದೆ ಓದಿ ನೆನಪಿಟ್ಟಿದ್ದು ಎಲ್ಲ ಸೇರಿಸಿ ಬರೀತಿದ್ದೀನಿ.

ಕೊನೇ ಸ್ಟಾಪಿನಲ್ಲಿ ಇಳಿದ ಐವರು

ರಾಜಸ್ಥಾನದ ಆಳ್ವಾರ್ ಜಿಲ್ಲೆ. ಅರಾವಳಿ ಬೆಟ್ಟಗಳ ಮಧ್ಯೆ ಥಾನಾಗಾಜಿ ಅನ್ನೋ ತಾಲ್ಲೂಕು, ಪಕ್ಕದಲ್ಲೇ ಸಾರಿಸ್ಕಾ ಹುಲಿ ಕಾಡು. ರಾಜಸ್ಥಾನ ಅಂದ ತಕ್ಷಣ ಮರಳುಗಾಡು ಅಂದ್ಕೋಬೇಡಿ. ಅಲ್ಲಿ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ಆಗುತ್ತೆ. ನಮ್ಮ ಬಯಲುಸೀಮೆಯ ಎಷ್ಟೋ ತಾಲ್ಲೂಕುಗಳಿಗೂ ಅಷ್ಟೇ ಅಲ್ವಾ? ಅಲ್ಲಿ ಆ ಮಳೆ ಮುಂಗಾರಿನ ಕೆಲವೇ ದಿನಗಳಲ್ಲಿ ಸುರಿದು ಬೆಟ್ಟದಿಂದ ಇಳಿದು ಹೋಗಿಬಿಡುತ್ತೆ. ಉಳಿದ ದಿನಗಳೆಲ್ಲ ಒಣ.

ಹಿಂದಿನವರು ಇದಕ್ಕೆ ಒಂದು ದಾರಿ ಮಾಡ್ಕೊಂಡಿದ್ರು. ಅದರ ಹೆಸರು ಜೋಹಡ್. ಇಳಿಜಾರಿಗೆ ಅಡ್ಡಲಾಗಿ ಅರ್ಧ ಚಂದ್ರದ ಹಾಗೆ ಮಣ್ಣಿನ ಏರಿ. ಮೇಲಿನ ಕಡೆ ತೆರೆದಿರುತ್ತೆ, ನೀರು ಬಂದು ನಿಲ್ಲುತ್ತೆ. ಹೆಚ್ಚಾದ ನೀರು ಹೋಗೋಕೆ ಬದಿಯಲ್ಲಿ ಒಂದು ಕೋಡಿ. ನಮ್ಮ ಕಟ್ಟೆ, ಕುಂಟೆಗಳ ಅಣ್ಣತಮ್ಮ ಅನ್ನಿ. ಜೋಹಡಿನ ಮುಖ್ಯ ಕೆಲಸ ನೀರನ್ನ ಕಾಲುವೆಗೆ ಬಿಡೋದಲ್ಲ, ನಿಲ್ಲಿಸಿ ನೆಲಕ್ಕೆ ಇಳಿಸೋದು. ಇಳಿದ ನೀರು ಕೆಳಗಿನ ಬಾವಿಗಳಲ್ಲಿ ಸಿಗುತ್ತೆ. ನೀರು ಇಂಗಿದ ಮೇಲೆ ಆ ಹಸಿ ನೆಲದಲ್ಲೇ ಕೆಲವರು ಬಿತ್ತನೆ ಮಾಡ್ತಾರೆ. ದನಕರು ನೀರು ಕುಡಿಯುತ್ತವೆ.

ಸಂಸ್ಥಾನದ ಕಾಲದಿಂದ ಶುರುವಾಗಿ ಬೆಟ್ಟದ ಮರ ಕಡಿದು ಮಾರಿದ್ರು, ಇದ್ದಿಲು ಮಾಡಿದ್ರು. ಬೋಳಾದ ಬೆಟ್ಟದಿಂದ ಮಣ್ಣು ಬಂದು ಜೋಹಡ್‌ಗಳು ಹೂತವು. ಊರಿನ ಕೆಲಸ ಅಂತಿದ್ದದ್ದು ಸರ್ಕಾರದ ಕೆಲಸ ಆಯ್ತು, ಹೂಳು ತೆಗೆಯೋರು ಇಲ್ಲ. ಆಮೇಲೆ ಪಂಪ್ ಸೆಟ್ ಬಂತು, ಬಾವಿಗಳು ಆಳ ಆದವು, ಬತ್ತಿದವು. 1980ರ ದಶಕದ ಹೊತ್ತಿಗೆ ಅಂತರ್ಜಲ ಮುಗಿದುಹೋದ ಪ್ರದೇಶ ಅಂತ ಸರ್ಕಾರವೇ ಗುರುತು ಹಾಕಿತ್ತು. ಗಂಡಸರು ಕೂಲಿ ಹುಡುಕಿ ಪಟ್ಟಣಗಳಿಗೆ ಹೋಗ್ತಿದ್ರು. ಊರಲ್ಲಿ ಉಳಿದದ್ದು ಮುದುಕರು, ಹೆಂಗಸರು, ಮಕ್ಕಳು. ಹೆಂಗಸರ ದಿನದ ಬಹುಪಾಲು ಕೊಡ ಹೊರೋದ್ರಲ್ಲೇ ಕಳೀತಿತ್ತು.

ಅಂಥ ಕಡೆ, 1985ರ ಅಕ್ಟೋಬರ್ 2ರ ರಾತ್ರಿ, ಐವರು ಹುಡುಗರು ಬಸ್ಸಿನ ಕೊನೇ ಸ್ಟಾಪಾದ ಕಿಶೋರಿ ಅನ್ನೋ ಊರಲ್ಲಿ ಇಳಿದ್ರು. ಅವರ ಸಂಸ್ಥೆಯ ಹೆಸರು ತರುಣ್ ಭಾರತ್ ಸಂಘ. ಅದು 1975ರಲ್ಲಿ ಜೈಪುರದಲ್ಲಿ ಹುಟ್ಟಿದ್ದು. ವಿಶ್ವವಿದ್ಯಾಲಯದ ಆವರಣದಲ್ಲಿ ಬೆಂಕಿ ಬಿದ್ದು ಕಷ್ಟಕ್ಕೆ ಸಿಕ್ಕವರಿಗೆ ನೆರವಾಗೋಕೆ ಅಲ್ಲಿಯವರು ಕಟ್ಟಿಕೊಂಡ ಗುಂಪು. ನದಿಗೂ ಅದಕ್ಕೂ ಆಗ ಯಾವ ಸಂಬಂಧವೂ ಇರಲಿಲ್ಲ.

ಐವರಲ್ಲಿ ಒಬ್ಬರು ರಾಜೇಂದ್ರ ಸಿಂಗ್. ಉತ್ತರ ಪ್ರದೇಶದ ಡೌಲಾ ಅನ್ನೋ ಊರಿನವರು, ಆಯುರ್ವೇದ ಓದಿದವರು, ಜೈಪುರದಲ್ಲಿ ಸರ್ಕಾರಿ ಕೆಲಸದಲ್ಲಿದ್ರು. ಆ ಕೆಲಸ ಬಿಟ್ಟು, ಮನೆ ಸಾಮಾನನ್ನ 23,000 ರೂಪಾಯಿಗೆ ಮಾರಿ ಬಂದಿದ್ರು. ಬಂದ ಉದ್ದೇಶ ನೀರಲ್ಲ. ಶಾಲೆ ಮಾಡೋದು, ಔಷಧಿ ಕೊಡೋದು ಅಂತ. ಆ ಕಡೆ ಇರುಳುಗುರುಡು ಬಹಳ ಇತ್ತು.

ಊರವರು ಇವರನ್ನ ನಂಬಲಿಲ್ಲ. ಉಗ್ರಗಾಮಿಗಳೇ ಇರಬೇಕು ಅಂತ ಅನುಮಾನಪಟ್ರು. ದೇಶದಲ್ಲಿ ಆಗಿನ ಕಾಲ ಹಾಗಿತ್ತು. ನಮ್ಮ ದೊಡ್ಡಪ್ಪ ಅಲ್ಲಿದ್ದಿದ್ರೂ ಅದನ್ನೇ ಕೇಳ್ತಿದ್ರು: ನೀವೆಲ್ಲಾ ಯಾರು?

ಮಾಂಗೂ ಕಾಕಾ ಹೇಳಿದ ಒಂದು ಮಾತು

ಈ ಚರಿತ್ರೆಯ ತಿರುವು ಇರೋದು ಗೋಪಾಲಪುರ ಅನ್ನೋ ಹಳ್ಳಿಯಲ್ಲಿ. ಅಲ್ಲಿ ಮಾಂಗೂ ಲಾಲ್ ಅಂತ ಮೀಣಾ ಸಮುದಾಯದ ಒಬ್ಬ ಹಿರಿಯ ರೈತ. ಎಲ್ಲರೂ ಮಾಂಗೂ ಕಾಕಾ ಅಂತಿದ್ರು. ಈ ಹುಡುಗರ ಶಾಲೆ, ಔಷಧಿ ನೋಡಿ ಅವರು ಹೇಳಿದ್ದರ ಸಾರ ಇಷ್ಟು: ನಮಗೆ ಬೇಕಾಗಿರೋದು ಓದಲ್ಲ, ಔಷಧಿಯಲ್ಲ, ನೀರು. ಪಟ್ಟಣದಿಂದ ಓದಿದವರು ಬರ್ತಾರೆ, ಬರ್ಕೊಂಡು ಹೋಗ್ತಾರೆ. ನಿನಗೆ ನಿಜವಾಗ್ಲೂ ಮಾಡೋ ಮನಸ್ಸಿದ್ರೆ ಗುದ್ದಲಿ ಹಿಡಿ.

ರಾಜೇಂದ್ರ ಸಿಂಗ್ ಆಮೇಲೆ ಎಷ್ಟೋ ಕಡೆ ಇದನ್ನ ಹೇಳ್ಕೊಂಡಿದ್ದಾರೆ. ನನಗೆ ನೀರಿನ ವಿಷಯ ಏನೂ ಗೊತ್ತಿಲ್ಲ ಅಂದಾಗ ಕಾಕಾ ಅವರನ್ನ ಬತ್ತಿದ ಬಾವಿಗಳಿಗೆ ಇಳಿಸಿದ್ರಂತೆ. ಒಂದೆರಡಲ್ಲ, ಇಪ್ಪತ್ತೈದು ಬಾವಿ. ಒಳಗೆ ಬಂಡೆಯ ಬಿರುಕು ಯಾವ ಕಡೆ ಓಡಿದೆ, ಉದ್ದಕ್ಕಿದೆಯೋ ಅಡ್ಡಕ್ಕಿದೆಯೋ ನೋಡು ಅಂತ. ನೀರು ಎಲ್ಲಿ ನಿಂತರೆ ಎಲ್ಲಿ ಇಳಿಯುತ್ತೆ ಅನ್ನೋದು ಆ ಬಿರುಕಿನಿಂದಲೇ ತಿಳೀತಿತ್ತು. ಕಾಕಾ ಶಾಲೆಗೆ ಹೋದವರಲ್ಲ.

ಜೊತೆಗೆ ಬಂದ ಗೆಳೆಯರಿಗೆ ಈ ಮಣ್ಣಿನ ಕೆಲಸ ಹಿಡಿಸಲಿಲ್ಲ, ದಾರಿ ಬೇರೆ ಮಾಡ್ಕೊಂಡ್ರು. ರಾಜೇಂದ್ರ ಸಿಂಗ್ ಉಳಿದ್ರು. ಊರಿನ ಕೆಲವು ಹುಡುಗರ ಜೊತೆ ಗೋಪಾಲಪುರದ ಹಳೇ ಜೋಹಡಿನ ಹೂಳು ತೆಗೆಯೋಕೆ ಶುರು ಮಾಡಿದ್ರು. ಮುಂದಿನ ಮಳೆಗೆ ಜೋಹಡ್ ತುಂಬಿತು. ವರ್ಷಗಟ್ಟಲೆ ಒಣಗಿದ್ದ ಬಾವಿಗಳಲ್ಲಿ ನೀರು ಕಾಣಿಸಿತು. ಆಮೇಲೆ ಕರೆಯೋ ಅಗತ್ಯ ಬೀಳಲಿಲ್ಲ, ಜನ ತಾವೇ ಬಂದ್ರು. ಮೂರು ವರ್ಷದಲ್ಲಿ ಅದು ಹದಿನೈದು ಅಡಿ ಆಳ ಆಯ್ತು.

ಈಗ ದೊಡ್ಡಪ್ಪನ ಪ್ರಶ್ನೆಗೆ ಬನ್ನಿ. ಸಂಸ್ಥೆಯ ಹಿಂದೆ ಯಾರಿದ್ರು? ಹೊರಗಿನವರ ಕಣ್ಣಿಗೆ ಕಂಡದ್ದು ಜುಬ್ಬಾ ಹಾಕಿದ ಗಡ್ಡದ ಮನುಷ್ಯ. ಅವರ ಹಿಂದೆ ಇದ್ದದ್ದು ಒಬ್ಬ ಮುದುಕ ರೈತ, ಗುದ್ದಲಿ ಹಿಡಿದ ಊರಿನ ಹುಡುಗರು, ಮಂಕರಿ ಹೊತ್ತ ಹೆಂಗಸರು. ರಾಜೇಂದ್ರ ಸಿಂಗ್ ಅವರ ದೊಡ್ಡತನ ಏನಪ್ಪಾ ಅಂದ್ರೆ, ಓದಿದವನು ತಾನು ಅನ್ನೋದನ್ನ ಬದಿಗಿಟ್ಟು ಹೇಳಿದ ಮಾತು ಕೇಳಿದ್ರು. ಅದು ಸಣ್ಣ ವಿಷಯ ಅಲ್ಲ. ನಮ್ಮಲ್ಲಿಗೆ ಬರೋ ಎಷ್ಟು ಜನ ಕೇಳ್ತಾರೆ ಹೇಳಿ?

ಬೆಟ್ಟದ ಮೇಲಿನಿಂದ ಕೆಳಕ್ಕೆ

1986ರಲ್ಲಿ ಅವರು ಊರೂರಿಗೆ ಪಾದಯಾತ್ರೆ ಹೊರಟ್ರು. ಗೋಪಾಲಪುರದಿಂದ ಸುಮಾರು 20 ಕಿ.ಮೀ. ದೂರದಲ್ಲಿ ಭಾಂವತಾ ಮತ್ತು ಕೋಲ್ಯಾಲಾ ಅನ್ನೋ ಅವಳಿ ಹಳ್ಳಿಗಳಿವೆ. ಅರ್ವರಿ ಹೊಳೆ ಹುಟ್ಟೋ ಜಾಗ ಅದು. ಹೊಳೆ ಅಂದ್ರೆ ಸುಮಾರು 45 ಕಿ.ಮೀ. ಉದ್ದದ್ದು. ಮಳೆ ಬಂದಾಗ ಒಂದಷ್ಟು ಹೊತ್ತು ಕೆಂಪಗೆ ಹರಿದು, ಆಮೇಲೆ ವರ್ಷವಿಡೀ ಮರಳಿನ ದಾರಿ. ಹೊಳೆಯಲ್ಲಿ ನೀರು ನಿಂತದ್ದನ್ನ ನೋಡಿದ ನೆನಪು ತೀರಾ ಹಳಬರಿಗೆ ಮಾತ್ರ.

ಅಲ್ಲಿನ ಜನ ಶ್ರಮದಾನ ಮಾಡಿ ಮೊದಲ ಜೋಹಡ್ ಕಟ್ಟಿದ್ರು. ಯಾರೂ "ನದಿ ಬದುಕಿಸೋಣ" ಅಂತ ಹೊರಟಿರಲಿಲ್ಲ, ಇದನ್ನ ನೆನಪಿಡಬೇಕು. ತಮ್ಮ ಬಾವಿಗೆ ನೀರು ಬರಲಿ, ದನಗಳಿಗೆ ನೀರಿರಲಿ ಅಂತಷ್ಟೇ. ಒಂದೂರು ನೋಡಿ ಇನ್ನೊಂದೂರು ಕಟ್ಟಿತು. ಜಾಗ ಎಲ್ಲಿ, ಏರಿ ಎಷ್ಟು ಎತ್ತರ, ಕೋಡಿ ಯಾವ ಕಡೆ ಅಂತ ಊರವರೇ ಕೂತು ತೀರ್ಮಾನ ಮಾಡೋರು. ಸಂಸ್ಥೆ ಸೇರಿಸಿ ಕೊಡೋದು. ಊರಿನ ಪಾಲು ಬರದೆ ಕೆಲಸ ಶುರು ಇಲ್ಲ. ಪಾಲು ದುಡ್ಡಾದ್ರೂ ಸರಿ, ಮೈ ಕೆಲಸ ಆದ್ರೂ ಸರಿ.

ಹೀಗೆ ಹೊಳೆಯ ಮೇಲ್ದಂಡೆಯ ಹಳ್ಳಗಳಲ್ಲಿ ಒಂದೊಂದಾಗಿ ಕಟ್ಟೆ ಎದ್ದವು. ಬೆಟ್ಟದ ಇಕ್ಕಟ್ಟಿನಲ್ಲಿ 244 ಮೀಟರ್ ಉದ್ದ, 7 ಮೀಟರ್ ಎತ್ತರದ ದೊಡ್ಡ ಕಟ್ಟೆಯೂ ಆಯ್ತು. ಕಟ್ಟೆಗಳ ಸಂಖ್ಯೆ 375 ತಲುಪೋ ಹೊತ್ತಿಗೆ, ಅಂದ್ರೆ 1990ರ ಸುಮಾರಿಗೆ, ಮಳೆಗಾಲ ಮುಗಿದ ಮೇಲೂ ಹೊಳೆಯಲ್ಲಿ ನೀರು ಕಂಡಿತು. 1995ರ ಹೊತ್ತಿಗೆ ವರ್ಷವಿಡೀ ಹರಿಯಿತು.

ಇದು ಪವಾಡ ಅಲ್ಲ. ನಾವು ರೈತರು, ನಮಗೆ ಅರ್ಥ ಆಗುತ್ತೆ. ಓಡೋ ನೀರನ್ನ ಮೇಲೆಯೇ ನೂರಾರು ಕಡೆ ನಿಲ್ಲಿಸಿದ್ರು. ನಿಂತ ನೀರು ಬಿರುಕು ಹಿಡಿದು ಒಳಗೆ ಇಳೀತು. ಭೂಮಿಯೊಳಗಿನ ನೀರಿನ ಮಟ್ಟ ಹೊಳೆಯ ಪಾತ್ರಕ್ಕಿಂತ ಮೇಲೆ ಬಂದಾಗ ಆ ನೀರು ಪಕ್ಕದಿಂದ ಜಿನುಗಿ ಹೊಳೆಗೆ ಬಂತು. ನಮ್ಮೂರಲ್ಲಿ ಹಿಂದೆ ಹಳ್ಳದ ಮರಳು ಮೊಳಕೈಯಷ್ಟು ತೋಡಿದ್ರೆ ತಲಪರಿಗೆ ಸಿಗ್ತಿತ್ತಲ್ಲ, ಅದೇ ಲೆಕ್ಕ. ಹೊಳೆ ಅನ್ನೋದು ಬಾವಿಗಳ ನೀರು ತುಂಬಿ ಮೇಲೆ ಉಳಿದದ್ದು.

ಜೊತೆಗೆ ಕಾಡನ್ನೂ ಕಾಯ್ದರು. ಭಾಂವತಾ-ಕೋಲ್ಯಾಲಾದವರು ತಮ್ಮ ಬೆಟ್ಟದ ಕಾಡಿಗೆ ಭೈರೋಂದೇವರ ಹೆಸರಿಟ್ಟು, ಜನರದ್ದೇ ಅಭಯಾರಣ್ಯ ಅಂತ ತಾವೇ ಘೋಷಿಸಿಕೊಂಡ್ರು. ಮೇಲೆ ಮರ ಇಲ್ಲದೆ ಕೆಳಗೆ ಕಟ್ಟೆ ಉಳಿಯಲ್ಲ, ಮತ್ತೆ ಹೂಳೇ ಬರೋದು ಅಂತ ಅವರಿಗೆ ಗೊತ್ತಿತ್ತು.

ನೋಟಿಸು, ಗಣಿ, ಮತ್ತೆ ನೋಟಿಸು

ಇಷ್ಟಾದ್ರೆ ಎಲ್ಲರೂ ಖುಷಿಪಡಬೇಕಿತ್ತು. ಆದದ್ದು ಬೇರೆ. 1987ರಲ್ಲಿ ನೀರಾವರಿ ಇಲಾಖೆ ಗೋಪಾಲಪುರದ ಕಟ್ಟೆಗೆ ನೋಟಿಸ್ ಕೊಟ್ಟಿತು. 1954ರ ಕಾಯ್ದೆ ಪ್ರಕಾರ ಹಳ್ಳದ ನೀರು ಸರ್ಕಾರದ್ದು, ಅಪ್ಪಣೆ ಇಲ್ಲದೆ ಕಟ್ಟಿದ್ದು ಅಕ್ರಮ ಅಂತ. ಅದೇ ಊರವರು ಸರ್ಕಾರಿ ಜಾಗದಲ್ಲಿ ಗಿಡ ನೆಟ್ಟಿದ್ದಕ್ಕೆ ದಂಡವೂ ಬಿತ್ತು. ಊರವರು ಕಟ್ಟೆ ಒಡೆಯಲಿಲ್ಲ.

ಆಮೇಲೆ ಗಣಿ. ಸಾರಿಸ್ಕಾ ಕಾಡಿನ ಒಳಗೂ ಸುತ್ತಲೂ ಅಮೃತಶಿಲೆ, ಡಾಲಮೈಟ್ ಗಣಿಗಳು. ಗಣಿ ಪಕ್ಕದ ಹಳ್ಳಿಗಳಲ್ಲಿ ಜೋಹಡ್ ಕಟ್ಟಿದ್ರೂ ನೀರು ನಿಲ್ತಿರಲಿಲ್ಲ. ಯಾಕೆ ಅಂತ ನೋಡಿದ್ರೆ, ಆಳದ ಗಣಿ ಗುಂಡಿಗಳು ಸುತ್ತಲಿನ ನೀರನ್ನೆಲ್ಲಾ ಎಳ್ಕೊಳ್ತಿದ್ವು. ಮಣ್ಣಿನ ಕೆಲಸ ಮಾಡ್ತಿದ್ದ ಸಂಸ್ಥೆ 1991ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯ್ತು. ಕೋರ್ಟು ನ್ಯಾಯಮೂರ್ತಿ ಎಂ.ಎಲ್. ಜೈನ್ ಅವರ ಸಮಿತಿ ಮಾಡಿತು. 200ಕ್ಕೂ ಹೆಚ್ಚು ಗಣಿಗಳು ಸಂರಕ್ಷಿತ ಪ್ರದೇಶದ ಒಳಗೇ ಇವೆ ಅಂತ ಸಮಿತಿ ಹೇಳಿತು. ಮಧ್ಯೆ ಹಲ್ಲೆಗಳೂ ಆದವು. 1993ರ ಏಪ್ರಿಲ್‌ನಲ್ಲಿ ತೀರ್ಪು ಬಂದು ಆ ಗಣಿಗಳು ನಿಲ್ಲಬೇಕಾಯ್ತು.

ಈ ಹೊತ್ತಿಗೆ ಹೊರಗಿನ ಕೆಲವು ದೊಡ್ಡವರೂ ಜೊತೆಯಾಗಿದ್ರು. ಒಬ್ಬರು ಅನುಪಮ್ ಮಿಶ್ರ. ದೆಹಲಿಯ ಗಾಂಧಿ ಶಾಂತಿ ಪ್ರತಿಷ್ಠಾನದಲ್ಲಿದ್ದವರು, ಕೆರೆಗಳ ಬಗ್ಗೆ 'ಆಜ್ ಭೀ ಖರೇ ಹೈಂ ತಾಲಾಬ್' ಅನ್ನೋ ಹಿಂದಿ ಪುಸ್ತಕ ಬರೆದವರು. 1993ರಲ್ಲಿ ಬಂದ ಆ ಪುಸ್ತಕಕ್ಕೆ ಅವರು ಹಕ್ಕೇ ಇಟ್ಟುಕೊಳ್ಳಲಿಲ್ಲ, ಯಾರು ಬೇಕಾದ್ರೂ ಅಚ್ಚು ಹಾಕ್ಕೊಳ್ಳಿ ಅಂದುಬಿಟ್ರು. ಇನ್ನೊಬ್ಬರು ಜಿ.ಡಿ. ಅಗರ್ವಾಲ್. ಕಾನ್ಪುರ ಐಐಟಿಯಲ್ಲಿ ಪ್ರೊಫೆಸರ್ ಆಗಿದ್ದವರು, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮೊದಲ ಸದಸ್ಯ ಕಾರ್ಯದರ್ಶಿ. 1996ರಲ್ಲಿ 36 ಹಳ್ಳಿಗಳ ಕಟ್ಟೆಗಳನ್ನ ಎಂಜಿನಿಯರ್ ಕಣ್ಣಿನಿಂದ ಪರೀಕ್ಷೆ ಮಾಡಿ ವರದಿ ಬರೆದ್ರು. ಊರವರು ಲೆಕ್ಕವಿಲ್ಲದೆ ಕಟ್ಟಿದ್ದಾರೆ ಅನ್ನೋ ಮಾತಿಗೆ ಆ ವರದಿ ಉತ್ತರ ಆಯ್ತು. ಇದೇ ಅಗರ್ವಾಲ್ ಆಮೇಲೆ ಸನ್ಯಾಸಿಯಾಗಿ, ಗಂಗೆಗಾಗಿ 111 ದಿನ ಉಪವಾಸ ಮಾಡಿ 2018ರ ಅಕ್ಟೋಬರ್ 11ರಂದು ತೀರಿಕೊಂಡ್ರು.

2001ರಲ್ಲಿ ಮತ್ತೆ ಒಂದು ಜಗಳ. ಲಾವಾ ಕಾ ಬಾಸ್ ಅನ್ನೋ ಹಳ್ಳಿಯವರು ಕಟ್ಟಿದ ಕಟ್ಟೆಯನ್ನ ಒಡೀಬೇಕು ಅಂತ ಇಲಾಖೆ ಹೇಳಿತು. ಕಟ್ಟೆ ಗಟ್ಟಿಯಿಲ್ಲ ಅನ್ನೋದು ಒಂದು ಕಾರಣ. ಇನ್ನೊಂದು ಕಾರಣ ಕೇಳಿ: ರೂಪಾರೇಲ್ ಹೊಳೆಯ ನೀರಿನ ಬಗ್ಗೆ 1910ರಲ್ಲಿ ಆಳ್ವಾರ್ ಮತ್ತು ಭರತಪುರ ಸಂಸ್ಥಾನಗಳ ಮಧ್ಯೆ ಒಪ್ಪಂದ ಆಗಿದೆ, ಮೇಲೆ ನೀರು ನಿಲ್ಲಿಸಿದ್ರೆ ಕೆಳಗಿನ ಭರತಪುರಕ್ಕೆ ಕೊರತೆ ಆಗುತ್ತೆ!

ಮಹಾರಾಜರು ಹೋಗಿ ಐವತ್ತು ವರ್ಷ ಆದ ಮೇಲೆ ಅವರ ಒಪ್ಪಂದ ತೋರಿಸಿದ್ರಲ್ಲ ಅಂತ ಮೊದಲು ಓದಿದಾಗ ನಗು ಬಂತು. ಆದ್ರೆ ಕೂತು ಯೋಚಿಸಿದ್ರೆ ಅದು ನಗೋ ವಿಷಯ ಅಲ್ಲ. ನಮ್ಮ ಕಡೆ ಕೆರೆಗಳೆಲ್ಲ ಸರಪಳಿ. ಮೇಲಿನ ಕೆರೆ ಕೋಡಿ ಬಿದ್ದರೆ ತಾನೇ ಕೆಳಗಿನ ಕೆರೆಗೆ ನೀರು? ಮೇಲಿನವರು ಕೋಡಿ ಎತ್ತರಿಸಿದ್ರೆ ಕೆಳಗಿನವರು ರಾತ್ರಿ ಬಂದು ಒಡೆದು ಹೋದ ಕತೆಗಳು ಪ್ರತಿ ಹೋಬಳಿಯಲ್ಲೂ ಇವೆ. ನಾನು ನಿಲ್ಲಿಸಿದ ನೀರು ಯಾರದ್ದೋ ಪಾಲಿನದ್ದೂ ಆಗಿರಬಹುದು.

ನೀರು ಬಂದ ಮೇಲೆ

ಆ ಹುಡುಗಿ ಕೇಳಿದ ಪ್ರಶ್ನೆಗೆ ಉತ್ತರ ಇರೋದು ಇಲ್ಲಿ.

ಹೊಳೆ ಹರಿದಾಗ ಮೀನು ಬಂದವು. ಮೀನು ಬಂದ ಮೇಲೆ ಕಂಟ್ರಾಕ್ಟರ್ ಬಂದ. 1996ರಲ್ಲಿ ಸರ್ಕಾರ ಅರ್ವರಿಯಲ್ಲಿ ಮೀನು ಹಿಡಿಯೋ ಗುತ್ತಿಗೆ ಕೊಟ್ಟಿತು. ಹೊಳೆ ಸತ್ತಿದ್ದಾಗ ಯಾರದ್ದೂ ಅಲ್ಲ, ಹರಿದ ತಕ್ಷಣ ಸರ್ಕಾರದ್ದು! ಹಮೀರಪುರದ ಕಡೆಯ ಜನ ಅಡ್ಡ ನಿಂತ್ರು, ಗುತ್ತಿಗೆ ರದ್ದಾಯ್ತು.

ಕಂಟ್ರಾಕ್ಟರನ್ನ ಓಡಿಸೋದು ಸುಲಭ. ಆದ್ರೆ ನಮ್ಮವರನ್ನೇ ತಡೆಯೋದು? ದಂಡೆಯವನು ಎಂಜಿನ್ ಇಟ್ಟು ನೀರು ಎತ್ತಿ ಕಬ್ಬು ಹಾಕಿದ್ರೆ? ಮೇಲೆ ಕಾಡು ಕಾಯ್ದವನ ಪಾಲು ಏನು? ಈ ಪ್ರಶ್ನೆಗಳಿಗಾಗಿ 1998ರ ಡಿಸೆಂಬರ್‌ನಲ್ಲಿ ಹಮೀರಪುರದಲ್ಲಿ ಒಂದು ಜನರ ಅದಾಲತ್ ಸೇರಿತು. ಅದಾದ ಮೇಲೆ 1999ರ ಜನವರಿ 26ರಂದು ಅದೇ ಊರಲ್ಲಿ ಅರ್ವರಿ ಸಂಸತ್ತು ಶುರುವಾಯ್ತು. ಹೊಳೆಯ ಎಪ್ಪತ್ತರಷ್ಟು ಹಳ್ಳಿಗಳ ಪ್ರತಿನಿಧಿಗಳು ಸೇರಿ, ವರ್ಷಕ್ಕೆ ಎರಡು ಸಲ ಕೂತು ಮಾತಾಡೋ ಕೂಟ. ಕಾನೂನಿನ ಬಲ ಇಲ್ಲ. ಪೊಲೀಸ್ ಇಲ್ಲ. ಮಾತೇ ಬಲ.

ಅವರು ಮಾಡ್ಕೊಂಡ ನಿಯಮಗಳಲ್ಲಿ ನನಗೆ ಮುಖ್ಯ ಅನಿಸಿದ್ದು ಇವು. ಕಬ್ಬು, ಭತ್ತ, ಮೆಣಸಿನಕಾಯಿಯಂಥ ಹೆಚ್ಚು ನೀರು ಕೇಳೋ ಬೆಳೆ ಬೇಡ. ಹೋಳಿ ಹಬ್ಬ ಆದ ಮೇಲೆ ಮಳೆ ಬರೋವರೆಗೆ ಬೆಳೆಗಾಗಿ ಹೊಳೆಯಿಂದ ನೀರು ಎತ್ತೋ ಹಾಗಿಲ್ಲ. ಕೊಳವೆಬಾವಿ ಬೇಡ. ಹಸಿ ಮರ ಕಡಿಯಬಾರದು, ಬೇಟೆ ಆಡಬಾರದು. ಹೊರಗಿನ ದೊಡ್ಡ ಹಿಂಡುಗಳನ್ನ ಬಿಟ್ಟುಕೊಳ್ಳಬಾರದು. ನೀರು ಖಾಲಿ ಮಾಡೋ ಕಾರ್ಖಾನೆಗಳಿಗೆ ಜಮೀನು ಮಾರಬಾರದು.

2000ನೇ ಇಸವಿಯ ಮಾರ್ಚ್‌ನಲ್ಲಿ ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಅಲ್ಲಿಗೇ ಬಂದು ಭಾಂವತಾ-ಕೋಲ್ಯಾಲಾದ ಊರವರಿಗೆ ಪ್ರಶಸ್ತಿ ಕೊಟ್ರು. ಊರಿಗೆ ಕೊಟ್ಟದ್ದು, ಒಬ್ಬ ವ್ಯಕ್ತಿಗಲ್ಲ. ರಾಜೇಂದ್ರ ಸಿಂಗ್ ಅವರಿಗೆ 2001ರಲ್ಲಿ ಮ್ಯಾಗ್ಸೆಸೆ, 2015ರಲ್ಲಿ ಸ್ಟಾಕ್‌ಹೋಮ್ ಜಲ ಪ್ರಶಸ್ತಿ ಬಂತು. ಆ ಹೊತ್ತಿಗೆ ಸಾವಿರಕ್ಕೂ ಹೆಚ್ಚು ಹಳ್ಳಿಗಳಲ್ಲಿ 8,600ರಷ್ಟು ಜೋಹಡ್ ಆಗಿದ್ವು ಅಂತ ಲೆಕ್ಕ.

ಇಲ್ಲಿಗೆ ನಿಲ್ಲಿಸಿದ್ರೆ ಚೆಂದದ ಕತೆ. ಆದ್ರೆ ಪೂರ್ತಿ ಹೇಳಬೇಕಲ್ಲ.

ಸಿಡ್ನಿ ವಿಶ್ವವಿದ್ಯಾಲಯದ ಕ್ಲೇರ್ ಗ್ಲೆಂಡೆನ್ನಿಂಗ್ ಅನ್ನೋ ಸಂಶೋಧಕಿ 2007 ಮತ್ತು 2008ರ ಮಳೆಗಾಲಗಳಲ್ಲಿ ಅರ್ವರಿ ಕಣಿವೆಯಲ್ಲಿ ಅಳತೆ ಮಾಡಿದ್ರು. ಬಿದ್ದ ಮಳೆಯಲ್ಲಿ ಸುಮಾರು ಶೇ. 7ರಷ್ಟು ಈ ಕಟ್ಟೆಗಳ ಮೂಲಕ ಭೂಮಿಗೆ ಇಳಿಯುತ್ತೆ ಅಂತ ಸಿಕ್ಕಿತು. ಇದರಿಂದ ಬರದ ವರ್ಷಕ್ಕೆ ಒಂದು ಗಂಟು ಉಳಿಯುತ್ತೆ, ಸಾಗುವಳಿಗೆ ಆಸರೆ ಆಗುತ್ತೆ ಅಂತಲೂ ಅವರು ತೋರಿಸಿದ್ರು. ಜೊತೆಗೆ ಇನ್ನೊಂದು ಮಾತು: ಕಟ್ಟೆ ಹೆಚ್ಚಿದಷ್ಟೂ, ಬಾವಿಯಿಂದ ಎತ್ತೋದು ಹೆಚ್ಚಿದಷ್ಟೂ, ಕೆಳಕ್ಕೆ ಹೊಳೆಯಲ್ಲಿ ಹೋಗೋ ನೀರು ಕಡಿಮೆ ಆಗುತ್ತೆ. ಮೇಲೆ ಲಾಭ, ಕೆಳಗೆ ನಷ್ಟ.

ಇನ್ನೂ ಒಂದು ಪ್ರಶ್ನೆ ಇದೆ. ಎಲ್ಲರೂ ಮಣ್ಣು ಹೊರ್ತಾರೆ, ಆದ್ರೆ ನೀರು ಬರೋದು ಬಾವಿ ಇದ್ದವನಿಗೆ. ಜಮೀನೇ ಇಲ್ಲದವನಿಗೆ ಏನು ಬಂತು? ಕುಡಿಯೋ ನೀರು ಬಂತು, ಮೇವು ಬಂತು, ಊರಲ್ಲೇ ಕೂಲಿ ಸಿಕ್ಕಿತು ಅನ್ನಬಹುದು. ಆದ್ರೆ ಸಮ ಪಾಲು ಅಂತ ನನಗೆ ಹೇಳೋಕೆ ಬಾಯಿ ಬರಲ್ಲ. ಸಂಸತ್ತಿನಲ್ಲಿ ಯಾರ ದನಿ ದೊಡ್ಡದು ಅನ್ನೋದು ಅಲ್ಲೂ ಪ್ರಶ್ನೆ, ನಮ್ಮ ಅರಳೀಕಟ್ಟೆಯಲ್ಲೂ ಪ್ರಶ್ನೆ.

ನನ್ನ ಲೆಕ್ಕ

ಆ ಶೇ. 7ನ್ನ ಹಿಡ್ಕೊಂಡು ನಾನು ಒಂದು ಲೆಕ್ಕ ಹಾಕಿದೆ. ಅಲ್ಲಿನ ಬಂಡೆ ಬೇರೆ, ನಮ್ಮ ಬಂಡೆ ಬೇರೆ, ಅದು ಗೊತ್ತು. ಒಂದು ಅಂದಾಜಿಗೆ ಇರಲಿ.

600 ಮಿ.ಮೀ. ಮಳೆಯ ಶೇ. 7 ಅಂದ್ರೆ 42 ಮಿ.ಮೀ. ಒಂದು ಎಕರೆ ಮೇಲೆ 42 ಮಿ.ಮೀ. ಅಂದ್ರೆ ಸುಮಾರು 1 ಲಕ್ಷ 70 ಸಾವಿರ ಲೀಟರ್. ಕೇಳೋಕೆ ಬಹಳ. ಈಗ ಒಂದು ಎಕರೆ ಅಡಿಕೆ ತಗೊಳ್ಳಿ. 550 ಗಿಡ. ಬೇಸಿಗೆಯಲ್ಲಿ ಡ್ರಿಪ್‌ನಲ್ಲಿ ಗಿಡಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕು. ಸುಮಾರು ಹತ್ತು ಸಾವಿರ ಲೀಟರ್ ಒಂದು ದಿನಕ್ಕೆ. ಅಂದ್ರೆ, ವರ್ಷವಿಡೀ ಒಂದು ಎಕರೆಯ ಮೇಲೆ ಬಿದ್ದ ಮಳೆಯಿಂದ ಕಟ್ಟೆಗಳು ಇಳಿಸಿಕೊಟ್ಟ ನೀರನ್ನ ಒಂದು ಎಕರೆ ಅಡಿಕೆ 17 ದಿನದಲ್ಲಿ ಕುಡಿದು ಮುಗಿಸುತ್ತೆ. ತಾನಾಗೇ ಇಂಗೋ ಮಳೆ ಬೇರೆ ಇದೆ, ಒಪ್ಪೋಣ. ಆದ್ರೂ ಬೇಸಿಗೆ 17 ದಿನಕ್ಕೆ ಮುಗಿಯಲ್ಲ.

ಹೋಳಿ ಆದ ಮೇಲೆ ಹೊಳೆಗೆ ಕೈ ಹಾಕಬೇಡಿ ಅಂತ ಅರ್ವರಿಯವರು ಯಾಕೆ ಅಂದ್ರು ಅಂತ ಈಗ ತಿಳೀತು. ಮಣ್ಣಿನ ಕೆಲಸದಿಂದ ನೀರು ಬರುತ್ತೆ. ಉಳಿಯೋದು ಮಾತ್ರ ನಾವು ಮಾಡ್ಕೊಂಡ ಕಟ್ಟುಪಾಡಿನಿಂದ.

ನಮ್ಮಲ್ಲಿ ಇದು ಇರಲಿಲ್ಲ ಅಂತೇನಿಲ್ಲ. ನೀರುಗಂಟಿ ಇದ್ದ. ಕೆರೆಯಲ್ಲಿ ಎಷ್ಟು ನೀರಿದೆ ಅಂತ ನೋಡಿ ಈ ವರ್ಷ ಅಚ್ಚುಕಟ್ಟಿಗೆಲ್ಲಾ ಭತ್ತವೋ, ಇಲ್ಲಾ ಅರ್ಧಕ್ಕೆ ರಾಗಿಯೋ ಅಂತ ಊರು ತೀರ್ಮಾನ ಮಾಡ್ತಿತ್ತು. ತೂಬು ಎತ್ತೋನು ಅವನೊಬ್ಬನೇ. ಗೌಡರ ಗದ್ದೆ ಆದ್ರೂ ಅವನು ಬಿಟ್ಟಷ್ಟೇ ನೀರು. ಕೊಳವೆಬಾವಿ ಬಂದ ಮೇಲೆ ಎಲ್ಲರ ಹೊಲದಲ್ಲೂ ಒಂದೊಂದು ತೂಬು ಆಯ್ತು, ನೀರುಗಂಟಿಗೆ ಕೆಲಸ ಇಲ್ಲದಾಯ್ತು.

ಈಗ ನಾನು ಸಭೆಯಲ್ಲಿ ಯಾಕೆ ಸುಮ್ಮನಿದ್ದೆ ಅಂತ ಹೇಳ್ತೀನಿ. ಕೆಲವು ವರ್ಷದ ಹಿಂದೆ ಒಂದು ಒಳ್ಳೇ ಮಳೆಗೆ ನಮ್ಮ ಕೆರೆ ತುಂಬಿ ಕೋಡಿ ಬಿದ್ದಿತ್ತು. ಬಾಗಿನ ಕೊಟ್ಟೆವು, ಹೋಳಿಗೆ ಮಾಡಿದೆವು. ಮುಂದಿನ ಬೇಸಿಗೆಗೆ ಕೆರೆ ಹಿಂದೆ ಹೊಸದಾಗಿ ಬೋರ್ ಕೊರೆಸಿದವರು ಹನ್ನೊಂದು ಜನ. ಅವರಲ್ಲಿ ನಾನೂ ಒಬ್ಬ. ಎರಡೂವರೆ ಇಂಚು ನೀರು ಬಿತ್ತು ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗಿದ್ದೆ, ಒಂದು ಎಕರೆ ಅಡಿಕೆ ಇಟ್ಟೆ. ಅದೇ ವರ್ಷ ದೊಡ್ಡಪ್ಪನ ತೆರೆದ ಬಾವಿ ಬತ್ತಿತು. ಅವರು ಒಂದು ದಿನವೂ ನನ್ನನ್ನ ಕೇಳಲಿಲ್ಲ. ನಾನೂ ಹೇಳಲಿಲ್ಲ. ಈಗ ನನ್ನ ಬೋರಲ್ಲೂ ಒಂದಿಂಚು ಬರೋದೇ ಕಷ್ಟ.

"ಹಿಂದೆ ಯಾರಿದ್ದಾರೆ?" ಅಂತ ದೊಡ್ಡಪ್ಪ ಆ ಮಕ್ಕಳನ್ನ ಕೇಳಿದಾಗ ನನಗೆ ಒಳಗೇ ಚುಚ್ಚಿತು. ಅವರ ಹಿಂದೆ ಯಾರಾದ್ರೂ ಇರಲಿ. ಕೆರೆ ಹಿಂದೆ ಇರೋದು ನಾವು.

ಬರೋ ಭಾನುವಾರ ಮತ್ತೆ ಸಭೆ ಇದೆ. ಊರ ಪಾಲಿನ ದುಡ್ಡಿನ ಮಾತು ಬರುತ್ತೆ, ಅದಕ್ಕೆ ಮೊದಲು ಕಟ್ಟುಪಾಡಿನ ಮಾತು ಆಗಲಿ ಅಂತ ಹೇಳೋದು ಅಂದ್ಕೊಂಡಿದ್ದೀನಿ. ಕೆರೆ ಹಿಂದೆ ಇನ್ನು ಹೊಸ ಬೋರ್ ಬೇಡ. ಶಿವರಾತ್ರಿ ಆದ ಮೇಲೆ ಹೊಸ ಅಡಿಕೆ ಗಿಡಕ್ಕೆ ನೀರಿಲ್ಲ. ಜಮೀನಿಲ್ಲದ ಮನೆಗಳಿಗೆ ಹೂಳು ತೆಗೆದ ಮೇಲೆ ಮೀನಿನ ಪಾಲು, ಮೇವಿನ ಪಾಲು ಬರೆದಿಡಬೇಕು. ಕೆಳಗಿನ ಕೆರೆಯ ಊರವರನ್ನೂ ಸಭೆಗೆ ಕರೀಬೇಕು, ಕೋಡಿ ಎತ್ತರ ಅವರ ಎದುರೇ ತೀರ್ಮಾನ ಆಗಲಿ. ಇದನ್ನೆಲ್ಲ ಹೇಳೋ ಮುಂಚೆ ನನ್ನ ಬೋರಿನ ವಿಷಯ ದೊಡ್ಡಪ್ಪನ ಎದುರು ಹೇಳಬೇಕು. ಅದೇ ಕಷ್ಟದ್ದು.

ನಿಮ್ಮೂರಲ್ಲಿ ಕೆರೆ ತುಂಬಿದ ಮೇಲೆ ಏನಾಯ್ತು? ನೀರುಗಂಟಿ ಇನ್ನೂ ಇದ್ದಾನಾ? ನೀರು ಎತ್ತೋದಕ್ಕೆ ಊರೇ ಹಾಕ್ಕೊಂಡ ಕಟ್ಟುಪಾಡು ಎಲ್ಲಾದ್ರೂ ಉಳಿದಿದ್ರೆ ಬರೀರಿ. ಭಾನುವಾರದ ಸಭೆಯಲ್ಲಿ ಓದಿ ಹೇಳ್ತೀನಿ.